ಸೊಸೆಯ ದನಿಗೆ ಮೂರು ಪ್ರತಿ

ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಟೈಪಿಸ್ಟಮ್ಮ ಎಂದೇ ಕರೆಯುವುದು. ಅವರು ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಟೈಪ್‌ರೈಟರುಗಳೆಲ್ಲ ಗುಜರಿ ಸೇರಿದವು, ಹೆಸರು ಮಾತ್ರ ಅಂಟಿಕೊಂಡು ಉಳಿಯಿತು. ನ್ಯಾಯಾಲಯದ ನಕಲು ವಿಭಾಗದಲ್ಲಿ ಕೆಲಸಕ್ಕೆ ಸೇರಿ, ಕೊನೆಗೆ ಒಬ್ಬ ಹಿರಿಯ ವಕೀಲರ ಕಚೇರಿಯಲ್ಲಿ ಮುಗಿಸಿದವರು. ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು ಗೊಣಗುವ ವಕೀಲರು, ಕೆಮ್ಮುತ್ತಲೇ ವಾಕ್ಯ ಮುಗಿಸುವ ವಕೀಲರು, ಕಿಟಕಿಯತ್ತ ತಿರುಗಿ ರಸ್ತೆಗೆ ಹೇಳುವಂತೆ ಹೇಳುವ ವಕೀಲರು, ಇವರೆಲ್ಲರ ಮಾತನ್ನು ಕೇಳಿ ಕೇಳಿ ಅವರ ಕಿವಿ ಪಳಗಿತ್ತು. ಮೆಟ್ಟಿಲ ಮೇಲೆ ಯಾರು ಬರುತ್ತಿದ್ದಾರೆಂದು ಒಳಗೆ ಕುಳಿತೇ ಹೇಳಿಬಿಡುತ್ತಿದ್ದರು.

ನಮ್ಮದು ಅವರ ಎದುರು ಮನೆ. ನಡುವೆ ಲಿಫ್ಟು. ಅವರ ಒಬ್ಬನೇ ಮಗ ಲಿಫ್ಟ್ ರಿಪೇರಿಯವನು. ಊರ ತುಂಬ ಲಿಫ್ಟುಗಳನ್ನು ಸರಿಮಾಡಿ ಬರುವ ಈ ಮಹಾಶಯ ನಮ್ಮ ಲಿಫ್ಟು ಕೆಟ್ಟಾಗ ಮಾತ್ರ ಎಲ್ಲರ ಜೊತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಾನೆ. ಅವನು ಚಿಕ್ಕವನಿದ್ದಾಗಲೇ ಅವನ ತಂದೆ ತೀರಿಕೊಂಡರು. ತಾಯಿ ಮಗ ಇಬ್ಬರೂ ಮಾತು ಕಡಿಮೆಯವರು. ಆ ಮನೆಯ ಗಡಿಯಾರದ ಸದ್ದು ನಮ್ಮ ಮನೆಗೆ ಕೇಳಿಸುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಅಂಥ ಮನೆಗೆ ಈಜು ಟೀಚರ್ ಸೊಸೆಯಾಗಿ ಬಂದಳು. ಸಾರ್ವಜನಿಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಕೊಳದ ಈ ತುದಿಯಲ್ಲಿ ನಿಂತು, ಆ ತುದಿಯಲ್ಲಿ ನೀರು ಕುಡಿಯುತ್ತಿರುವ ಹುಡುಗನಿಗೆ ಕೇಳಿಸುವ ಹಾಗೆ ಕೂಗಿ ಕೂಗಿ ಅವಳ ಗಂಟಲು ಹಾಗೇ ತಯಾರಾಗಿತ್ತೋ, ಗಂಟಲು ಹಾಗಿದ್ದುದಕ್ಕೇ ಆ ಕೆಲಸ ಸಿಕ್ಕಿತ್ತೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ನಿಂತು ಗಂಡನನ್ನು ಕರೆದರೆ ಕೆಳಗಿನ ಅಂಗಡಿಯವನು ತಲೆಯೆತ್ತಿ ನೋಡುತ್ತಿದ್ದ. ಟೈಪಿಸ್ಟಮ್ಮ ಮೊದಲ ವರ್ಷ ಕಿವಿಗೆ ಹತ್ತಿ ಇಟ್ಟುಕೊಂಡೇ ಓಡಾಡಿದರು. ಸೊಸೆಗೆ ಹೇಳಿದ್ದು ಮಾತ್ರ ಕಿವಿನೋವು ಎಂದು.

ಕೈ ಸದಾ ಒದ್ದೆ, ಹಾಗಾಗಿ ಈಜು ಟೀಚರ್ ಫೋನಿನಲ್ಲಿ ಬರೆಯುತ್ತಿರಲಿಲ್ಲ. ಎಲ್ಲವನ್ನೂ ಮಾತಿನಲ್ಲೇ ಕಳಿಸುತ್ತಿದ್ದಳು. "ಅತ್ತೆ, ಟವೆಲ್ ಒಳಗೆ ಹಾಕಿ, ಮೋಡ ಆಗಿದೆ. ಇಲ್ಲಿಂದ ಕೂಗಿದ್ರೂ ನಿಮಗೆ ಕೇಳಿಸ್ತಿತ್ತೇನೋ, ಇರ್ಲಿ ಅಂತ ಕಳಿಸ್ತಿದೀನಿ." ಅದಕ್ಕೆ ಟೈಪಿಸ್ಟಮ್ಮ ಎರಡೂ ಹೆಬ್ಬೆರಳಲ್ಲಿ ಟಕಟಕನೆ ಉತ್ತರ ಬರೆಯುತ್ತಿದ್ದರು: "ಟವೆಲ್‌ಗಳನ್ನು ಒಳಗೆ ತೆಗೆದುಕೊಳ್ಳಲಾಗಿದೆ." ಕೊನೆಗೊಂದು ಪೂರ್ಣವಿರಾಮ. ಆ ಸರ್ಕಾರಿ ಉತ್ತರಗಳನ್ನು ಸೊಸೆ ಕೊಳದ ಬಳಿ ಎಲ್ಲರಿಗೂ ಓದಿ ಹೇಳಿ ನಗುತ್ತಿದ್ದಳಂತೆ. ಹೀಗೆ ಒಬ್ಬರು ಕೂಗಿ, ಒಬ್ಬರು ಬರೆದು, ವರ್ಷಗಳು ಕಳೆಯುತ್ತ ಅತ್ತೆ ಸೊಸೆ ಒಬ್ಬರಿಗೊಬ್ಬರು ಒಗ್ಗಿಹೋದರು. ಹತ್ತಿ ಯಾವಾಗ ಮಾಯವಾಯಿತೋ ಯಾರೂ ಗಮನಿಸಲಿಲ್ಲ.

ದನಿ ಒಡೆಯಲು ಶುರುವಾದಾಗ ಕ್ಲೋರಿನ್ ನೀರಿನ ಕಾಟ ಎಂದುಕೊಂಡರು. ಬಿಸಿನೀರು ಕುಡಿದಳು, ಜೇನುತುಪ್ಪ ನೆಕ್ಕಿದಳು, ರಜೆ ಹಾಕಿ ಮಾತಾಡದೆ ಕುಳಿತಳು. ಕಡಿಮೆಯಾಗಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ನೋಡಿದವರು ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರೆ ಜೀವಕ್ಕೆ ಅಪಾಯವಿಲ್ಲ. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ರಂಧ್ರ ಮಾಡುತ್ತಾರೆ. ಮುಂದೆ ಅಭ್ಯಾಸ ಮಾಡಿದರೆ ಮಾತೂ ಬರಬಹುದು, ಆದರೆ ಆ ದನಿ ಅಲ್ಲ. ಇನ್ನೊಂದು ಮಾತನ್ನು ವೈದ್ಯೆ ನಿಧಾನವಾಗಿ ಹೇಳಿದರು. ಆ ರಂಧ್ರದೊಳಗೆ ನೀರು ಹೋದರೆ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಇನ್ನು ಮೇಲೆ ಕೊಳಕ್ಕೆ ಇಳಿಯುವ ಹಾಗಿಲ್ಲ.

ಹೊರಬರುವಾಗ ಅಲ್ಲಿ ಇಂಥ ರೋಗಿಗಳಿಗೆ ಮಾತು ಕಲಿಸುವವಳು ಹಳೆಯ ದನಿ ಎಲ್ಲಾದರೂ ರೆಕಾರ್ಡ್ ಆಗಿದ್ದರೆ ಜೋಪಾನ ಮಾಡಿ ಎಂದು ಹೇಳಿದಳಂತೆ. ಮುಂದೆ ಬೇಕೆನ್ನಿಸುತ್ತದೆ, ಆಗ ಹುಡುಕಿದರೆ ಸಿಗುವುದಿಲ್ಲ. ಮಗ ಕೂಡಲೇ ತನ್ನ ಫೋನ್ ತೆಗೆದ. ಹಿಂದಿನ ವರ್ಷ ಹೊಸ ಫೋನ್ ಕೊಂಡಾಗ ಹಳೆಯದರಲ್ಲಿದ್ದ ಮಾತುಕತೆಗಳನ್ನು ಇದಕ್ಕೆ ತಂದುಕೊಳ್ಳುವುದನ್ನು ನಾಳೆ ನಾಳೆ ಎಂದು ಮುಂದೂಡಿ, ಹಳೆಯ ಫೋನನ್ನು ವಿನಿಮಯಕ್ಕೆ ಕೊಟ್ಟುಬಿಟ್ಟಿದ್ದ. ಸೊಸೆಯ ಹಳೆಯ ಫೋನಂತೂ ಅವಳ ಜೊತೆಗೇ ಕೊಳಕ್ಕೆ ಬಿದ್ದು ಕೆಟ್ಟಿತ್ತು, ಈಗಿನದು ಹೊಸದು. ಇಬ್ಬರ ಬಳಿಯೂ ಇದ್ದದ್ದು ಈಚಿನ, ಕೀರಲು ದನಿ ಮಾತ್ರ. ಮನೆಯಲ್ಲಿ ಹಳೆಯದು ಉಳಿದಿದ್ದದ್ದು ಒಂದೇ ಕಡೆ, ಟೈಪಿಸ್ಟಮ್ಮನ ಫೋನಿನಲ್ಲಿ. ಅವರು ಹುಟ್ಟಿನಿಂದ ಯಾವ ಕಾಗದವನ್ನೂ ಹರಿದವರಲ್ಲ, ಯಾವ ಸಂದೇಶವನ್ನೂ ಅಳಿಸಿದವರಲ್ಲ.

ಆ ಫೋನಿನ ಸ್ಥಿತಿ ನೋಡಬೇಕಿತ್ತು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಾಯಿ ಬಿಟ್ಟಿತ್ತು. ರಬ್ಬರ್ ಬ್ಯಾಂಡ್ ಹಾಕಿ ಹಿಡಿದಿಟ್ಟಿದ್ದರು. ಪರದೆಯಲ್ಲಿ ಜೇಡರಬಲೆಯಂಥ ಬಿರುಕು. ಜಾಗ ತುಂಬಿದೆ, ಖಾಲಿ ಮಾಡಲೇ ಎಂದು ಅದು ದಿನಾ ಕೇಳುತ್ತಿತ್ತು. ಅವತ್ತು ಮಗ ಗಾಬರಿಯಲ್ಲಿ ಅದನ್ನು ಕೈಗೆತ್ತಿಕೊಂಡು ಏನೇನೋ ಒತ್ತುತ್ತ, ಖಾಲಿ ಮಾಡು ಎನ್ನುವ ಗುಂಡಿಯ ಮೇಲೇ ಬೆರಳಿಡಲು ಹೋದನಂತೆ. ಟೈಪಿಸ್ಟಮ್ಮ ಫೋನನ್ನು ಅವನ ಕೈಯಿಂದ ತೆಗೆದುಕೊಂಡರು. ಆಮೇಲೆ ಅದನ್ನು ಯಾರ ಕೈಗೂ ಕೊಡಲಿಲ್ಲ.

ಸೊಸೆಗೆ ಈ ದನಿ ಕೂಡಿಡುವ ಏರ್ಪಾಡೇ ಹಿಡಿಸಲಿಲ್ಲ. ಅವಳು ಅದನ್ನು ಹೇಳಿದಾಗ ನಾನು ಅವರ ಮನೆಯಲ್ಲೇ ಇದ್ದೆ. ಅವಳು ಪಾತ್ರೆ ಒರೆಸುತ್ತ, ಒಡಕು ದನಿಯಲ್ಲಿ ಹೇಳಿದಳು:

"ಇದ್ದಾಗ ಎಲ್ಲರೂ ಮೆಲ್ಲಗೆ ಮಾತಾಡು ಅಂತಿದ್ರಿ. ಈಗ ಹೋಗುತ್ತೆ ಅಂದ್ಮೇಲೆ ಡಬ್ಬೀಲಿ ತುಂಬಿಡ್ತೀರಾ? ತುಂಬಿಟ್ಟು ಏನ್ಮಾಡ್ತೀರಿ? ನಾನು ಸತ್ತಿಲ್ವಲ್ಲ."

ಟೈಪಿಸ್ಟಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತುಂಬಿಡೋದು ನನ್ನ ಕೆಲಸ. ತೆಗೆದು ಕೇಳೋದು ನಿನ್ನಿಷ್ಟ. ನೀನು ಹೇಳೋವರೆಗೂ ಯಾರಿಗೂ ಕೇಳಿಸಲ್ಲ. ನನ್ನ ಮಗನಿಗೂ."

"ನೀವು ಕೇಳ್ತೀರಲ್ಲ."

"ನಿನ್ನದು ಯಾವುದು, ಬೇರೆಯವರದ್ದು ಯಾವುದು ಅಂತ ಬಿಡಿಸೋಕೆ ಒಂದ್ಸಲ ಕೇಳಲೇಬೇಕು. ಅದಕ್ಕೆ ಈಗಲೇ ಒಪ್ಪಿಗೆ ಕೊಡು. ಇಲ್ಲಾಂದ್ರೆ ಮುಟ್ಟಲ್ಲ."

ಸೊಸೆ ಬಟ್ಟೆಯನ್ನು ಹಿಂಡಿ ಕೊಕ್ಕೆಗೆ ಹಾಕಿದಳು. "ಏನಾದ್ರೂ ಮಾಡ್ಕೊಳ್ಳಿ," ಎಂದಳು. ಟೈಪಿಸ್ಟಮ್ಮ ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡರು.

ಅವರ ಹಜಾರದ ಮೂಲೆಯಲ್ಲಿ, ಹೆಣಿಗೆಯ ಹೊದಿಕೆ ಹೊದ್ದ ಒಂದು ಕಂಪ್ಯೂಟರ್ ಇತ್ತು. ನಿವೃತ್ತಿಯಾದ ಮೇಲೂ ವಿದ್ಯಾರ್ಥಿಗಳ ಪ್ರಬಂಧ, ಬಾಡಿಗೆ ಕರಾರು ಎಂದು ಅದರಲ್ಲಿ ಟೈಪು ಮಾಡಿಕೊಡುತ್ತಿದ್ದರು. ಫೋನನ್ನು ಅದಕ್ಕೆ ಹೇಗೆ ಜೋಡಿಸುವುದೆಂದು ನಾನು ತೋರಿಸಿದೆ. ನನಗೆ ಗೊತ್ತಿದ್ದದ್ದೇ ಅಷ್ಟು. ಪರದೆಯ ಮೇಲಿನ ಕಪ್ಪುಬಿಳುಪು ಚೌಕಕ್ಕೆ ಫೋನಿನ ಕ್ಯಾಮೆರಾ ಹಿಡಿದದ್ದೇ ತಡ, ಮಾತುಕತೆಗಳೆಲ್ಲ ಕಂಪ್ಯೂಟರಿನಲ್ಲಿ ಸಾಲುಗಟ್ಟಿ ನಿಂತವು. ಕೆಲಸ ಮುಗಿಯಿತು ಎಂದು ನಾನು ಚಹಾಕ್ಕೆ ನೀರಿಡಲು ಎದ್ದೆ. ಟೈಪಿಸ್ಟಮ್ಮ ಏಳಲಿಲ್ಲ. ಮೇಲೆ ಮೇಲೆ ಸರಿಸುತ್ತ ಹೋದರು. ಕೆಲವು ತಿಂಗಳ ಹಿಂದಕ್ಕೆ ಹೋದ ಮೇಲೆ ಅದು ನಿಂತುಬಿಟ್ಟಿತು. ಇದಕ್ಕೂ ಹಳೆಯದು ಬೇಕಾದರೆ ಫೋನಿನಲ್ಲೇ ನೋಡಿ ಎಂದು ಬರೆದಿತ್ತು.

"ಇದು ಪ್ರತಿ ಅಲ್ಲ, ಬರೀ ತೋರಿಕೆ," ಎಂದರು ಅವರು. "ಮೂಲ ಹೋದ್ರೆ ಹಳೇದೆಲ್ಲ ಹೋಯ್ತು."

ಮರುದಿನ ಇನ್ನೊಂದು ದಾರಿ ಹಿಡಿದರು. ಒಬ್ಬರ ಜೊತೆಗಿನ ಮಾತುಕತೆಯನ್ನು ಪೂರ್ತಿಯಾಗಿ ಹೊರತೆಗೆದು ತಮಗೇ ಮೇಲ್ ಕಳಿಸಿಕೊಳ್ಳುವ ಸೌಲಭ್ಯ ಫೋನಿನಲ್ಲೇ ಇತ್ತು. ಹಾಗೆ ಬಂದದ್ದನ್ನು ತೆರೆದು ನೋಡಿದರೆ, ಅವರು ಬರೆದ ಉತ್ತರಗಳೆಲ್ಲ ಅಚ್ಚುಕಟ್ಟಾಗಿ ಬಂದಿವೆ. ಸೊಸೆಯ ದನಿ ಇತ್ತೀಚಿನ ಸ್ವಲ್ಪ ಮಾತ್ರ ಬಂದು, ಉಳಿದ ಕಡೆಯೆಲ್ಲ ಕಡತ ಸೇರಿಸಿಲ್ಲ ಎಂಬ ಸೂಚನೆ. ಟೈಪಿಸ್ಟಮ್ಮ ನಕ್ಕುಬಿಟ್ಟರು. ಬೇಡವಾದದ್ದೆಲ್ಲ ಸಿಕ್ಕಿತು ನೋಡು, ಟವೆಲ್ ಒಳಗೆ ತೆಗೆದುಕೊಂಡ ದಾಖಲೆ ಪಕ್ಕಾ ಆಯಿತು ಎಂದರು.

ಕೊನೆಗೆ ಉಳಿದದ್ದು ಕೇಬಲ್ ಹಾಕಿ ಫೋನಿನ ಹೊಟ್ಟೆಯೊಳಗಿಂದಲೇ ದನಿಯ ಕಡತಗಳನ್ನು ತೆಗೆಯುವುದು. ಫೋನ್ ರಿಪೇರಿಯವನು ಉಬ್ಬಿದ ಬ್ಯಾಟರಿಯ ಫೋನನ್ನು ಕರೆಂಟಿಗೆ ಹಾಕಲೇಬೇಡಿ, ಮೊದಲು ಬ್ಯಾಟರಿ ಬದಲಾಯಿಸಿ ಎಂದ. ಬದಲಾಯಿಸುವಾಗ ಫೋನ್ ಸತ್ತರೆ ಎಂದು ಇವರು ಕೇಳಿದರು. ಅಂಟು ಬಿಡಿಸುವಾಗ ಹಾಗಾಗುವುದೂ ಉಂಟು ಎಂದು ಅವನು ನಿಜ ಹೇಳಿದ. ಹಾಗಾದರೆ ಮೊದಲು ಪ್ರತಿ, ಆಮೇಲೆ ಬ್ಯಾಟರಿ ಎಂದು ಟೈಪಿಸ್ಟಮ್ಮ ತೀರ್ಮಾನಿಸಿದರು. ಅವನು ತಲೆ ಚಚ್ಚಿಕೊಂಡು, ಕನಿಷ್ಠ ಕಲ್ಲಿನ ಮೇಲಾದರೂ ಇಟ್ಟುಕೊಂಡು ಮಾಡಿ, ಪಕ್ಕದಲ್ಲೇ ಒಂದು ಬಕೆಟ್ ಮರಳು ಇರಲಿ ಎಂದು ಹೇಳಿ ಕಳಿಸಿದ.

ಕಂಪ್ಯೂಟರನ್ನು ಅಡುಗೆಮನೆಯ ಕಟ್ಟೆಗೆ ಸಾಗಿಸಿದೆವು. ಫೋನು ಕಲ್ಲಿನ ಮೇಲೆ, ಮರಳಿನ ಬಕೆಟ್ ಕೆಳಗೆ. ಒಂದಿಷ್ಟು ಕಡತ ಬರುವಷ್ಟರಲ್ಲಿ ಫೋನು ಬಿಸಿಯಾಗಿ ಕಣ್ಣು ಮುಚ್ಚುತ್ತಿತ್ತು. ಕೇಬಲ್ ಕಿತ್ತು ಆರಲು ಬಿಡಬೇಕು. ಮತ್ತೆ ಎಬ್ಬಿಸಬೇಕು. ಬಂದದ್ದು ಸರಿಯಾಗಿ ಬಂದಿದೆಯೇ ಎಂದು ನೋಡಬೇಕು. ಅವರು ಒಂದು ಸಲವೂ ಅವಸರ ಪಡಲಿಲ್ಲ. ಆರುವವರೆಗೆ ಕಾಯುವಾಗ ತರಕಾರಿ ಹೆಚ್ಚುತ್ತಿದ್ದರು. ಒಂದು ಮಧ್ಯಾಹ್ನವಂತೂ ಫೋನು ಎಷ್ಟು ಒತ್ತಿದರೂ ಏಳಲಿಲ್ಲ. ಅವರು ಅದನ್ನು ಕಿಟಕಿಯ ಗಾಳಿಗಿಟ್ಟು ಬಟ್ಟೆ ಮಡಚಲು ಹೋದರು. ಮಡಚಿ ಮುಗಿಸಿ ಬಂದು ಒತ್ತಿದಾಗ ಎದ್ದಿತು.

ಬಂದ ಕಡತಗಳ ಮೇಲೆ ತಾರೀಕು ಮತ್ತು ಅಂಕಿ ಮಾತ್ರ ಇತ್ತು. ಯಾರ ದನಿ ಎಂದು ಎಲ್ಲೂ ಇಲ್ಲ. ಹಾಲಿನವನು, ಅವರ ತಂಗಿ, ಕರಾರು ಟೈಪು ಮಾಡಿಸುವವರು, ನಲ್ಲಿ ರಿಪೇರಿಯವನು, ಎಲ್ಲರೂ ಸೊಸೆಯ ಜೊತೆ ಕಲಸಿಹೋಗಿದ್ದರು. ಟೈಪಿಸ್ಟಮ್ಮ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತರು. ಮಾತು ಶುರುವಾಗುವ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಸೊಸೆ ಯಾವುದು ಎಂದು ಅವರಿಗೆ ತಿಳಿಯುತ್ತಿತ್ತು. ಬೇರೆಯವರದ್ದಾದರೆ ಅಷ್ಟಕ್ಕೇ ನಿಲ್ಲಿಸಿ ಮುಂದೆ ಹೋಗುತ್ತಿದ್ದರು. ಪಕ್ಕದಲ್ಲೇ ಕುಳಿತಿದ್ದರೂ ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಅವರ ಮುಖವನ್ನಷ್ಟೇ ನೋಡುತ್ತಿದ್ದೆ. ಒಮ್ಮೊಮ್ಮೆ ತುಟಿಯಂಚು ಏಳುತ್ತಿತ್ತು. ಒಮ್ಮೊಮ್ಮೆ ಕನ್ನಡಕ ಒರೆಸಲು ನಿಲ್ಲಿಸುತ್ತಿದ್ದರು.

ಶಸ್ತ್ರಚಿಕಿತ್ಸೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆಯುತ್ತಿದ್ದ ಕಾಲದವರು. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಡಿಸ್ಕಿನಲ್ಲಿ ಅವರ ಬೀರುವಿನೊಳಗೆ, ಮೂರನೆಯದು ಪೆನ್‌ಡ್ರೈವಿನಲ್ಲಿ. ಅದನ್ನು ಲಕೋಟೆಗೆ ಹಾಕಿ ಅಂಟಿಸಿ ನನ್ನ ಕೈಗಿಟ್ಟರು. ಮೂರೂ ಒಂದೇ ಮನೆಯಲ್ಲಿದ್ದರೆ ಒಂದೇ ಇದ್ದ ಹಾಗೆ, ನಿನ್ನ ಬಟ್ಟೆಗಳ ಕೆಳಗಿರಲಿ ಎಂದರು. ಆಮೇಲೆ ಫೋನನ್ನು ರಿಪೇರಿಯವನಿಗೆ ಕೊಟ್ಟರು. ಅವನು ಎಷ್ಟೇ ಜಾಗ್ರತೆಯಿಂದ ಬಿಚ್ಚಿದರೂ ಪರದೆ ಮತ್ತೆ ಬೆಳಗಲಿಲ್ಲ. ಅವನೇ ಮುಖ ಸಣ್ಣದು ಮಾಡಿಕೊಂಡು ಬಂದು ಹೇಳಿದ. ಟೈಪಿಸ್ಟಮ್ಮ ಅವನಿಗೆ ಚಹಾ ಕೊಟ್ಟು ಕಳಿಸಿದರು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಸೊಸೆ ಕತ್ತಿಗೆ ತೆಳುವಾದ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು. ಮನೆ ಮತ್ತೆ ಮೊದಲಿನಂತೆ ನಿಶ್ಶಬ್ದವಾಯಿತು. ಆದರೆ ಈಗ ಆ ನಿಶ್ಶಬ್ದವನ್ನು ಆ ಮನೆಯ ಯಾರಿಂದಲೂ ಸಹಿಸಲಾಗುತ್ತಿರಲಿಲ್ಲ. ಸೊಸೆ ಹೇಳಬೇಕಾದದ್ದನ್ನು ಫೋನಿನಲ್ಲಿ ಬರೆದು ತೋರಿಸುತ್ತಿದ್ದಳು, ಉಳಿದ ಹೊತ್ತು ಕಿಟಕಿಯ ಬಳಿ ಕೂತಿರುತ್ತಿದ್ದಳು.

ಒಂದು ಸಂಜೆ ಮಗ ತಾಯಿಯನ್ನು ಬೇಡಿಕೊಂಡ. ಅವನು ಅಷ್ಟು ಮಾತಾಡಿದ್ದನ್ನು ಅವರೇ ಕೇಳಿರಲಿಲ್ಲವಂತೆ.

"ಅಮ್ಮ, ಒಂದೇ ಒಂದು ಕೊಡು. ನನ್ನನ್ನ ಕರೆದಿದ್ದು ಒಂದಿದ್ರೆ ಸಾಕು. ಕೆಲಸಕ್ಕೆ ಹೋದಾಗ ಒಬ್ಬನೇ ಕೇಳ್ತೀನಿ, ಅವಳಿಗೆ ಗೊತ್ತೂ ಆಗಲ್ಲ."

"ಇದೆ. ಬೇಕಾದಷ್ಟಿದೆ. ಆದ್ರೆ ಕೊಡಲ್ಲ."

ಮಗ ಎದ್ದು ಹೋದ. ಕೆಲವು ದಿನ ತಾಯಿಯ ಜೊತೆ ಮಾತು ಬಿಟ್ಟ. ಅವರು ಎಂದಿನಂತೆ ಬಡಿಸಿದರು, ಅವನು ಎಂದಿನಂತೆ ಉಂಡ. ಆಮೇಲೊಂದು ದಿನ ನನ್ನ ಬಾಗಿಲು ತಟ್ಟಿದ. ನನ್ನ ಬಳಿ ಒಂದು ಪ್ರತಿ ಇರುವುದು ಅವನಿಗೆ ಗೊತ್ತಿತ್ತು. ಎಣ್ಣೆ ಮೆತ್ತಿದ ಕೆಲಸದ ಬಟ್ಟೆಯಲ್ಲೇ ನಿಂತು, ತಲೆ ತಗ್ಗಿಸಿ ಕೇಳಿದ. ನನಗೆ ಅಳು ಬಂತು. ಬೀರುವಿನ ಬೀಗದ ಕೈ ನನ್ನ ಕೈಯಲ್ಲೇ ಇತ್ತು. ಅವನನ್ನು ಕೂರಿಸಿ, ನೀರು ಕೊಟ್ಟು, ಕೇಳಬೇಕಾದವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುತ್ತಿದ್ದೀಯಲ್ಲ, ಹೋಗಿ ಹೆಂಡತಿಯನ್ನು ಕೇಳು ಎಂದೆ. ಅವನು ಅದಕ್ಕೇ ಹೆದರಿದ್ದ. ಆದರೂ ಹೋಗಿ ಕೇಳಿದ. ಅವಳು ಈಗ ಬೇಡ ಎಂದು ಬರೆದು ತೋರಿಸಿದಳಂತೆ. ಅವನು ಮತ್ತೆ ಕೇಳಲಿಲ್ಲ. ಅವತ್ತಿನಿಂದ ತಾಯಿಯ ಜೊತೆ ಮಾತಾಡಲೂ ಶುರುಮಾಡಿದ.

ಗಾಯ ಮಾಗಿದ ಮೇಲೆ ಈಜು ಟೀಚರ್ ಕೊಳಕ್ಕೆ ವಾಪಸು ಹೋದಳು. ನೀರಿಗಿಳಿಯದೆ ದಡದಿಂದಲೇ ಕಲಿಸುವುದೆಂದು ಅಲ್ಲಿಯವರು ಒಪ್ಪಿದ್ದರು. ಚಪ್ಪಾಳೆ ತಟ್ಟಿದಳು, ಮಕ್ಕಳ ಗದ್ದಲದಲ್ಲಿ ಅದು ಮುಳುಗಿಹೋಯಿತು. ಸಿಳ್ಳೆ ಊದಲು ನೋಡಿದಳು. ಉಸಿರು ಈಗ ಬಾಯಿಗೆ ಬರುವುದೇ ಇಲ್ಲ. ಹೊಸದಾಗಿ ಸೇರಿದ ಒಂದು ಪುಟ್ಟ ಹೆಣ್ಣುಮಗು ಕಂಬಿ ಹಿಡಿದುಕೊಂಡು, ಕೈ ಬೀಸುತ್ತಿರುವ ಇವಳನ್ನು ನೋಡದೆ ಅಮ್ಮನನ್ನು ಹುಡುಕಿ ಅತ್ತಿತು. ಅವತ್ತು ಬೇಗ ಮನೆಗೆ ಬಂದವಳು ಕೋಣೆಯ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಹಜಾರದಲ್ಲಿದ್ದ ಟೈಪಿಸ್ಟಮ್ಮನ ಹೊಸ ಫೋನಿಗೆ ಒಳಗಿನಿಂದಲೇ ಸಂದೇಶ ಬಂತು. "ಅತ್ತೆ, ಕೊಡಿ."

ಮೂವರೂ ಮತ್ತೆ ಹಜಾರಕ್ಕೆ ಬಂದಿದ್ದ ಕಂಪ್ಯೂಟರಿನ ಮುಂದೆ ಕುಳಿತರಂತೆ. ಮೊದಲು ಹಾಕಿದ್ದು ಯಾವುದೋ ಸಾಮಾನ್ಯ ದಿನದ, ಅಂಗಡಿಯಿಂದ ಸೋಪು ತರಿಸಿಡಿ ಎನ್ನುವ ಸಂದೇಶ. ದನಿ ಹಜಾರ ತುಂಬಿತು. ಸೊಸೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಗಂಡ ಕೈ ಹಿಡಿದುಕೊಂಡ. ನೋಡಿದರೆ ನಗುತ್ತಿದ್ದಳು. ಫೋನಿನಲ್ಲಿ ಬರೆದಳು: "ಇಷ್ಟು ಜೋರಾ ನಾನು? ಹೇಗೆ ಸಹಿಸಿಕೊಂಡ್ರಿ?"

"ಮೊದಲ ವರ್ಷ ಹತ್ತಿ ಇಟ್ಕೊಂಡಿದ್ದೆ," ಎಂದರು ಟೈಪಿಸ್ಟಮ್ಮ. "ಕಿವಿನೋವು ಅಂದಿದ್ದು ಸುಳ್ಳು."

ಗಂಡನನ್ನು ಕರೆದ ಸಂದೇಶ ಬಂದಾಗ ಅವನು ಎದ್ದು ಬಾಲ್ಕನಿಗೆ ಹೋದ. ಆಗ ಅವಳು ನಿಜವಾಗಿಯೂ ಅತ್ತಳು. ಟೈಪಿಸ್ಟಮ್ಮ ನಿಲ್ಲಿಸಲೇ ಎಂದು ಕೇಳಿದರು. ಬೇಡ ಎಂದು ತಲೆಯಾಡಿಸಿದಳು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ.

ಆ ಹಳೆಯ ದನಿಯನ್ನೇ ಕೊಳದಲ್ಲಿ ಹಾಕಿ ಮಕ್ಕಳಿಗೆ ಕಲಿಸುವುದೆಂದು ಸೊಸೆ ನಿರ್ಧರಿಸಿದಳು. ಆದರೆ ಈಜು ಕಲಿಸುವ ಮಾತುಗಳು ಅತ್ತೆಯ ಫೋನಿನಲ್ಲಿ ಹೇಗೆ ಇರಬೇಕು? ಅವು ಇದ್ದದ್ದು ಮಕ್ಕಳ ತಾಯಂದಿರ ಗುಂಪಿನಲ್ಲಿ. ಮನೆಯಲ್ಲಿ ಅಭ್ಯಾಸ ಮಾಡಿಸಿ ಎಂದು ಟೀಚರ್ ಅವರಿಗೆ ಕಳಿಸುತ್ತಿದ್ದ ಮಾತುಗಳವು. ಸೊಸೆ ಅನುಮತಿ ಕೊಟ್ಟ ಮೇಲೆ ಟೈಪಿಸ್ಟಮ್ಮ ಆ ಗುಂಪಿಗೆ ಅರ್ಜಿಯಂಥ ಒಂದು ಮನವಿ ಬರೆದರು. ಸಂದೇಶಗಳು ಧೋ ಎಂದು ಬಂದವು. ಮುಂದಕ್ಕೆ ಕಳಿಸುವುದು ಗೊತ್ತಿಲ್ಲದ ಒಬ್ಬ ಅಜ್ಜಿ ಫೋನನ್ನೇ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಮೊಣಕಾಲಿಂದ ಅಲ್ಲ, ತೊಡೆಯಿಂದ ಒದಿ." "ಮುಖ ನೀರೊಳಗೆ. ಉಸಿರು ಬಿಡು, ಬಿಡು, ಬಿಡು. ಈಗ ತಿರುಗು." ಇಂಥವನ್ನು ಕತ್ತರಿಸಿ, ಒಂದು ಟ್ಯಾಬಿನಲ್ಲಿ ದೊಡ್ಡ ದೊಡ್ಡ ಗುಂಡಿಗಳಾಗಿ ಜೋಡಿಸಿ, ಅದನ್ನು ಕೊಳದ ಸ್ಪೀಕರಿಗೆ ಹಚ್ಚಿದರು. ಅತ್ತೆ ಕತ್ತರಿಸಿದರು, ಸೊಸೆ ಆರಿಸಿದಳು, ತಂತಿ ಎಳೆದವನು ಲಿಫ್ಟ್ ರಿಪೇರಿಯವನು.

ಮೊದಲ ದಿನ ನೋಡಲು ನಾನೂ ಹೋಗಿದ್ದೆ. ಒಂದು ಗುಂಡಿ ಒತ್ತಿದಳು. ಆ ಹಳೆಯ ದನಿ ಟೈಲ್ಸ್ ಗೋಡೆಗಳಿಗೆ ಬಡಿದು ಇಡೀ ಕೊಳದ ಮೇಲೆ ಹಾಯಿತು. ಮಕ್ಕಳು ಗಪ್ಪೆಂದು ತಿರುಗಿ ಕಾಲು ಬಡಿಯತೊಡಗಿದರು. ಕಂಬಿ ಹಿಡಿದ ಪುಟ್ಟ ಮಗುವೂ ಬಾಯಿ ತೆರೆದು ಟೀಚರನ್ನೇ ನೋಡಿತು. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಬೆರಳು ತಪ್ಪಿ, ಹೇಗೋ ಆ ಟ್ಯಾಬಿಗೆ ಸೇರಿಬಿಟ್ಟಿದ್ದ ಇನ್ನೊಂದು ಸಂದೇಶ ಹೊರಬಿತ್ತು: "ಅತ್ತೆ, ಒಲೆ ಆರಿಸಿದ್ರಾ? ನಾನು ಮರೆತು ಬಂದೆ ಅನ್ಸುತ್ತೆ." ಕೊಳದಲ್ಲಿದ್ದವರೆಲ್ಲ ನಕ್ಕರು. ಟೈಪಿಸ್ಟಮ್ಮ ಬೆಂಚಿನ ಮೇಲೆ ಕುಳಿತಲ್ಲೇ ಮುಖ ಕೆಂಪಗೆ ಮಾಡಿಕೊಂಡು, ತಪ್ಪು ತಮ್ಮದೆಂದು ಪಕ್ಕದವರಿಗೆ ವಿವರಿಸುತ್ತಿದ್ದರು.

ಮುಂದೆ ವೈದ್ಯರು ಕತ್ತಿನ ಆ ರಂಧ್ರದ ಒಳಗೆ ಒಂದು ಸಣ್ಣ ಕವಾಟ ಕೂರಿಸಿದರು. ರಂಧ್ರಕ್ಕೆ ಬೆರಳು ಒತ್ತಿ ಹಿಡಿದು ಮಾತಾಡಬೇಕು. ಮೊದಮೊದಲು ಬರೀ ಗೊರಗೊರ. ಮಾತು ಕಲಿಸುವವಳ ಬಳಿಗೆ ವಾರವಾರ ಹೋಗಿ ಬಂದು, ಮನೆಯಲ್ಲಿ ಅತ್ತೆಯ ಮುಂದೆ ಕುಳಿತು ದಿನಪತ್ರಿಕೆ ಓದುತ್ತ ಪಳಗಿಸಿಕೊಂಡಳು. ಅರ್ಥವಾಗದ್ದನ್ನು ಟೈಪಿಸ್ಟಮ್ಮ ಅರ್ಥವಾದಂತೆ ನಟಿಸಲಿಲ್ಲ. ಮತ್ತೆ ಹೇಳು ಎನ್ನುತ್ತಿದ್ದರು. ಈಗಿನ ದನಿ ದಪ್ಪ, ಒರಟು, ತುಂಡು ತುಂಡು. ಕೊಳದಲ್ಲಿ ಮೈಕಿನಲ್ಲಿ ಮಾತಾಡುತ್ತಾಳೆ. ಮಕ್ಕಳಿಗೆ ಅದೇ ಅಭ್ಯಾಸವಾಗಿದೆ. ಟ್ಯಾಬನ್ನು ಅವಳು ಯಾವಾಗಲೋ ಮನೆಯಲ್ಲೇ ಬಿಟ್ಟು ಹೋಗತೊಡಗಿದಳು. ಮಗನ ಬಳಿ ಅವನಿಗೆ ಬೇಕಾದದ್ದು ಇದೆ; ಅವಳೇ ಆರಿಸಿ ಕೊಟ್ಟಳು. ಯಾವುದು ಎಂದು ನಾನು ಕೇಳಿಲ್ಲ.

ಟೈಪಿಸ್ಟಮ್ಮ ಮಾತ್ರ ತಿಂಗಳಿಗೊಮ್ಮೆ ಫೋನಿಗೆ ಕೇಬಲ್ ಹಾಕಿ ಹೊಸ ಸಂದೇಶಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದನ್ನು ಬಿಟ್ಟಿಲ್ಲ. ನನ್ನ ಬಳಿಯ ಲಕೋಟೆಯನ್ನೂ ಆಗಲೇ ಬದಲಾಯಿಸುತ್ತಾರೆ. ಹೋದ ಸಲ ಬಂದಾಗ, ಹಳೆಯ ದನಿಗೊಂದು, ಹೊಸದಕ್ಕೊಂದು ಎಂದು ಬೇರೆ ಬೇರೆ ಫೋಲ್ಡರ್ ಮಾಡಿದ್ದೀರಾ ಎಂದು ಕೇಳಿದೆ. ನಾನು ಏನು ಕೇಳುತ್ತಿದ್ದೇನೆಂದೇ ಅವರಿಗೆ ತಕ್ಷಣ ಹೊಳೆಯಲಿಲ್ಲ.

"ಬೇರೆ ಯಾಕೆ? ಅವಳೊಬ್ಬಳೇ ಅಲ್ವಾ ಮಾತಾಡ್ತಿರೋದು," ಎಂದರು. "ತಾರೀಕಿನ ಪ್ರಕಾರ ಇಟ್ಕೊಂಡು ಹೋಗ್ತಿದೀನಿ, ಅಷ್ಟೇ."

ಅಷ್ಟು ಹೇಳಿ, ನಮ್ಮ ಅಡುಗೆಮನೆಯ ನಲ್ಲಿ ಸೋರುವ ಸದ್ದು ಕೇಳಿಸುತ್ತಿದೆ, ಒಳಗಿನ ರಬ್ಬರ್ ಸವೆದಿರಬೇಕು ನೋಡು ಎನ್ನುತ್ತ ಒಳಗೆ ನಡೆದರು.